ಹತ್ತು ಲಕ್ಷದ ಒಂದು

"ಒಂದು ಸಲ ಕೆಮ್ಮಿದ್ರೆ ಅವಿಭಾಜ್ಯ, ಎರಡು ಸಲ ಕೆಮ್ಮಿದ್ರೆ ಭಾಜ್ಯ. ಗೊತ್ತಾಯ್ತಾ ಪುಟ್ಟಿ?"

ಹತ್ತು ವರ್ಷದ ಹುಡುಗಿ ತಲೆಯಾಡಿಸಿದಳು. ವೇದಿಕೆಯ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಅವಳ ಅಪ್ಪ ಮಂಡಿಯೂರಿ ಕೂತು ಅವಳ ಕೆನ್ನೆಗೆ ಪೌಡರ್ ಮೆತ್ತುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಅತ್ತೆ, ಅಪ್ಪನ ತಂಗಿ, ಮುಖ ತಿರುಗಿಸಿದಳು.

ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಈ 'ಬಾಲಪ್ರತಿಭೆ' ಪ್ರದರ್ಶನದಲ್ಲಿ ಸಂಖ್ಯೆ ಕೊಟ್ಟು, ಅದು ಬೇರೆ ಸಂಖ್ಯೆಯಿಂದ ಭಾಗ ಹೋಗುತ್ತದೋ ಇಲ್ಲವೋ ಎಂದು ಕೇಳಿ, ಉತ್ತರ ಸರಿಯೋ ತಪ್ಪೋ ಹೇಳುವ ಪರೀಕ್ಷಕಿಯೂ ಅವಳೇ. ಅಣ್ಣ ಗಂಟುಬಿದ್ದು ಒಪ್ಪಿಸಿದ್ದ.

"ನಾನು ಕೊಟ್ಟ ಚೀಟೀಲಿರೋ ಸಂಖ್ಯೆಗಳನ್ನಷ್ಟೇ ಕೇಳು. ನಿನ್ನ ಪಾಂಡಿತ್ಯ ತೋರಿಸೋಕೆ ಹೋಗ್ಬೇಡ," ಎಂದ ಅಣ್ಣ.

"ನೀನು ಕೆಮ್ಮೋದೇ ಬೇಕಿಲ್ಲ ಅಣ್ಣ. ಅವಳಿಗೆ ತಾನಾಗೇ ಬರುತ್ತೆ."

"ಬರುತ್ತೆ, ಬರುತ್ತೆ! ಅಷ್ಟು ಜನರ ಮುಂದೆ ಬಾಯಿ ಕಟ್ಟಿಹೋದ್ರೆ ನನ್ನ ಮುಖಕ್ಕೆ ಮಸಿ. ನೀನು ಬಂದು ಒರೆಸ್ತೀಯಾ?"

ಬರುತ್ತದೆಂದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಹೋದ ರಜೆಯಲ್ಲಿ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಹುಡುಗಿ, "ಅತ್ತೆ, ಸಾವಿರದ ಒಂದು ಅಂದ್ರೆ ಹತ್ತರ ಘನಕ್ಕೆ ಒಂದು ಸೇರಿಸಿದ್ದು. ಅದಕ್ಕೇ ಹತ್ತಕ್ಕೆ ಒಂದು ಸೇರಿಸಿದ ಹನ್ನೊಂದರಿಂದ ಭಾಗ ಹೋಗುತ್ತೆ" ಅಂದಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಅಂಥ ಮಗುವನ್ನು ಈ ಮಹಾಶಯ ಗಿಳಿ ಮಾಡಿ ಊರೂರು ತಿರುಗಿಸುತ್ತಿದ್ದಾನೆ. ಥೂ, ಅಸಹ್ಯ!

ಸಭಾಂಗಣ ಬೆವರು, ಸೆಂಟುಗಳಿಂದ ನಾರುತ್ತಿತ್ತು. ಅತ್ತೆ ಬೋರ್ಡಿನ ಮೇಲೆ ಬರೆಯುವುದು, ಮುಂದಿನ ಸಾಲಿನಲ್ಲಿ ಅಣ್ಣ ಕೆಮ್ಮುವುದು, ಹುಡುಗಿ ಉತ್ತರಿಸುವುದು, ಚಪ್ಪಾಳೆ. ಪಕ್ಕದಲ್ಲಿದ್ದ ಹೆಂಗಸು ಪಾಪ ಅಂತ ಅಣ್ಣನಿಗೆ ನೀರಿನ ಬಾಟಲಿ ಕೊಟ್ಟಳು. ಅವನು ಕುಡಿದು ಮತ್ತೆ ಕೆಮ್ಮಿದ.

ಕೊನೆಯ ಸಂಖ್ಯೆ ಬಂದಾಗ ಅತ್ತೆ ಚೀಟಿಯನ್ನು ಮುದುರಿ ಮುಷ್ಟಿಯಲ್ಲಿಟ್ಟುಕೊಂಡಳು. ಬೋರ್ಡಿನ ಮೇಲೆ 1000001 ಎಂದು ಬರೆದಳು. ನೂರರ ಘನಕ್ಕೆ ಒಂದು ಸೇರಿಸಿದ್ದು. ಬಟಾಣಿ ಸುಲಿದ ದಿನದ ದಾರಿಯಲ್ಲೇ ನಡೆದರೆ ಅದು ಭಾಜ್ಯವೆಂಬ ಉತ್ತರ ಸಿಗುತ್ತದೆ. ಒಮ್ಮೆ ತನ್ನ ಬುದ್ಧಿಯಿಂದಲೇ ಎಲ್ಲರೆದುರು ಗೆದ್ದರೆ ಮಗು ಆ ಕೆಮ್ಮಿಗೆ ಇನ್ನೆಂದೂ ಕಿವಿಗೊಡುವುದಿಲ್ಲ ಎಂಬ ಆಸೆ ಅವಳದು.

ಅಣ್ಣನ ಮುಖ ಬಿಳಿಚಿಕೊಂಡಿತು. ತಂಗಿಯನ್ನು ದುರುಗುಟ್ಟಿ ನೋಡಿದ, ಬೋರ್ಡನ್ನು ನೋಡಿದ. ಬರೀ ಸೊನ್ನೆಗಳು, ಆಚೆಗೊಂದು ಈಚೆಗೊಂದು ಒಂದು. ಇದು ಯಾವುದರಿಂದ ತಾನೇ ಭಾಗ ಹೋದೀತು ಅಂದುಕೊಂಡನೋ ಏನೋ, ಗಟ್ಟಿಯಾಗಿ ಒಂದು ಸಲ ಕೆಮ್ಮಿದ.

ಹುಡುಗಿ ಬೋರ್ಡನ್ನೇ ನೋಡುತ್ತಿದ್ದಳು. ತುಟಿಗಳು ಅಲುಗುತ್ತಿದ್ದವು. ಇದ್ದಕ್ಕಿದ್ದಂತೆ ಕಣ್ಣು ಅರಳಿದವು. ಆಮೇಲೆ ಅವಳು ಮುಂದಿನ ಸಾಲಿನತ್ತ ತಿರುಗಿದಳು.

"ಅವಿಭಾಜ್ಯ."

ಎಲ್ಲರೂ ಪರೀಕ್ಷಕಿಯ ಕಡೆ ನೋಡಿದರು. ತಪ್ಪು ಎಂದರೆ ಅವಮಾನ ಕೆಮ್ಮಿದವನಿಗಲ್ಲ, ಮಗುವಿಗೆ. ಅತ್ತೆ ಮೈಕನ್ನು ಬಾಯಿಯ ಹತ್ತಿರ ತಂದು "ಸರಿ" ಅಂದಳು. ಚಪ್ಪಾಳೆಯ ಸುರಿಮಳೆಯಾಯಿತು. ಹಳಸಿದ್ದೇನನ್ನೋ ನುಂಗಿದಂತೆ ಅವಳಿಗೆ ತನ್ನ ಬಾಯೇ ಹೇಸಿಗೆಯಾಯಿತು.

ಸಭಾಂಗಣದ ಹಿಂದಿನ ನಲ್ಲಿಯಲ್ಲಿ ಅತ್ತೆ ಬಾಯಿ ಮುಕ್ಕಳಿಸುತ್ತಿದ್ದಾಗ ಹುಡುಗಿ ಬಂದು ಪಕ್ಕದಲ್ಲಿ ಮುಖ ತೊಳೆಯತೊಡಗಿದಳು. ಪೌಡರ್ ಬೆಳ್ಳಗೆ ಇಳಿಯುತ್ತಿತ್ತು.

"ಅತ್ತೆ, ಅದು ನೂರಾ ಒಂದರಿಂದ ಹೋಗುತ್ತೆ."

"ಗೊತ್ತಿತ್ತಾ? ಮತ್ತೆ ಯಾಕೆ ಹಾಗಂದೆ?"

"ಅಪ್ಪ ಒಂದೇ ಸಲ ಕೆಮ್ಮಿದ್ರು." ಹುಡುಗಿ ಒದ್ದೆ ಮುಖವೆತ್ತಿದಳು. "ನೀವೂ ಸರಿ ಅಂದ್ರಲ್ಲ?"

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಹುಡುಗಿ ಫ್ರಾಕಿಗೆ ಕೈ ಒರೆಸಿಕೊಂಡು ಓಡಿದಳು. ನಲ್ಲಿ ಹಾಗೆಯೇ ಸುರಿಯುತ್ತಿತ್ತು.