ಏಕಾದಶಿಯ ಗಂಟಲು

ಹೋಗಿ ಹೋಗಿ ಏಕಾದಶಿ ದಿನವೇ ಕೃಷ್ಣಕಾಂತನ ದನಿ ಕೂತುಬಿಡಬೇಕೆ! ಬೆಳಿಗ್ಗೆ ಹೆಂಡತಿಯನ್ನು ಕರೆಯಲು ಬಾಯಿ ತೆರೆದ, ಬರೀ ಗಾಳಿ ಬಂತು. ಸುಷಮಾ ಕೈಲಿದ್ದ ಪೊರಕೆ ಬಿಟ್ಟು ಓಡಿಬಂದಳು.

ಇಪ್ಪತ್ತು ವರ್ಷ ಆದೋನಿಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ಓದಿ ಓದಿ, ಈ ಸಲ ಮೊದಲ ಬಾರಿಗೆ ಮಠದಲ್ಲಿ ಭಾಗವತ ಹೇಳುವ ಯೋಗ ಬಂದಿತ್ತು ಅವನಿಗೆ. ನಾಲ್ಕು ದಿನ ಚೆನ್ನಾಗಿಯೇ ನಡೆಯಿತು, ಐದನೆಯ ದಿನ, ನಿನ್ನೆ, ಬೆಳಗಿನಿಂದಲೇ ದನಿ ಒಡೆಯತೊಡಗಿತು. ಇವತ್ತು ಸಂಜೆ ರುಕ್ಮಿಣೀ ಕಲ್ಯಾಣ, ನಾಳೆ ದ್ವಾದಶಿಗೆ ಮಂಗಳ. ಕೋಸಗಿಯಿಂದಲೂ ಜನ ಬರುವವರಿದ್ದರು.

ಮದ್ದಿಗೇನು ಕೊರತೆಯೇ? ನಿನ್ನೆ ಮೆಣಸಿನ ಕಷಾಯವಾಯಿತು, ವೀಳ್ಯದೆಲೆ ರಸಕ್ಕೆ ಜೇನು ಕಲಸಿ ಕೊಟ್ಟದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಕಡೆಗೆ ಗ್ರಂಧಿಗೆ ಅಂಗಡಿಯ ಪಕೀರಪ್ಪ, "ಅಕ್ಕಾರ, ಅವೆಲ್ಲ ಬಿಡ್ರಿ. ಜ್ಯೇಷ್ಠಮಧು ಪುಡಿ ಒಯ್ರಿ. ನಾಲಿಗಿ ಮ್ಯಾಲ ಚಿಟಿಕಿ ಇಟಗೊಂಡ್ರ ಗಂಟಲ ಬಿಚ್ಚತೈತಿ" ಎಂದು ಪೊಟ್ಟಣ ಕಟ್ಟಿಕೊಟ್ಟ. ಆಕೆ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿ, ಗಂಡ ರಾತ್ರಿ ಬಾಯಿಗೆ ಏನೂ ಹಾಕದ ದಶಮಿಯ ನೇಮ ಹಿಡಿದು ಕೂತಾಗಿತ್ತು.

"ಒಂದ ಚಿಟಿಕಿ ರೀ. ಔಷಧಕ್ಕ ದೋಷ ಇಲ್ಲ" ಎಂದು ಈಗ ಗೋಗರೆದಳು. ಅವನು ಬೇಡವೆಂದು ಕೈಯಾಡಿಸಿಬಿಟ್ಟ. ಉಪನಯನವಾದಾಗಿನಿಂದ ಏಕಾದಶಿಗೆ ಒಂದು ಉದ್ಧರಣೆ ತೀರ್ಥ ಬಿಟ್ಟು ನೀರೂ ಮುಟ್ಟದ ಮನುಷ್ಯ. ಟೈಫಾಯಿಡ್ ಬಂದಾಗಲೂ ಬಗ್ಗದ ಮೊಂಡ!

ಅಷ್ಟರಲ್ಲಿ ಮಠದ ವಿಠಲನ ಫೋನು. "ವೈನಿ, ನಿನ್ನೇನ ದನಿ ಒಡದಿತ್ತಲ್ಲ, ಎಮ್ಮಿಗನೂರಿಂದ ಬ್ಯಾರೆ ಆಚಾರ್ರನ್ನ ಕರಸಲೇನು?"

"ಏನೂ ಬ್ಯಾಡಪಾ, ಛಲೋ ಅದಾರ."

ಸುಳ್ಳು, ಅದೂ ಏಕಾದಶಿ ದಿನ. ಮುಳುಗಿದವರಿಗೆ ಚಳಿಯೇನು, ಮಳೆಯೇನು? ಮಡಿಯುಟ್ಟು ದೇವರ ಕೋಣೆಗೆ ಹೋದವಳೇ, ಏಲಕ್ಕಿ, ಪಚ್ಚಕರ್ಪೂರ ಕುಟ್ಟಿಟ್ಟಿದ್ದ ತೀರ್ಥದ ಪುಡಿಗೆ ಇಡೀ ಪೊಟ್ಟಣ ಸುರುವಿದಳು.

ಪೂಜೆಯುದ್ದಕ್ಕೂ ಅವನ ತುಟಿಯಷ್ಟೇ ಅಲ್ಲಾಡಿತು, ಮಂತ್ರ ಕೇಳಿಸಲಿಲ್ಲ. ಕೊನೆಗೆ ತೀರ್ಥ ಕುಡಿದ, ನಾಲಿಗೆಗೆ ಜ್ಯೇಷ್ಠಮಧುವಿನ ಸಿಹಿ ಹತ್ತಿತು. ಪುಡಿಯ ಡಬ್ಬಿ ನೋಡಿದ. ಆಮೇಲೆ ಆಕೆಯನ್ನು ನೋಡಿದ.

"ತಪ್ಪಾತು ರೀ! ಪಾಪ ಎಲ್ಲಾ ನನಗ ಬರ್ಲಿ" ಎಂದು ಸುಷಮಾ ಅತ್ತೇಬಿಟ್ಟಳು. ಈಗ ತಟ್ಟೆ ಎತ್ತಿ ಎಸೆಯುತ್ತಾನೆ, ಇನ್ನೊಂದು ವಾರ ಮುಖ ನೋಡುವುದಿಲ್ಲ ಎಂದುಕೊಂಡಳು.

ಕೃಷ್ಣಕಾಂತ ಬೈಯಲಿಲ್ಲ. ಎರಡನೇ ಉದ್ಧರಣೆ ತೆಗೆದುಕೊಂಡ. ಮೂರನೆಯದನ್ನೂ ತೆಗೆದುಕೊಂಡ. ಅರ್ಧ ತೀರ್ಥ ಅಂಗೈಯಿಂದ ತುಳುಕಿ ಧೋತರದ ಮೇಲೆ ಬಿತ್ತು. ಅಯ್ಯೋ, ಹೀಗೆ ನೇಮ ಮುರಿಯುವ ಬದಲು ಬೈದಾದರೂ ಬೈಯಬಾರದೇ ಇವರು! ಇದರ ಮುಂದೆ ಬೆಳಗಿನಿಂದ ಪಟ್ಟ ಭಯವೆಲ್ಲ ಆಕೆಗೆ ಏನೂ ಅಲ್ಲವೆನಿಸಿತು.

ಅವನು ಬಗ್ಗಿ ಆಕೆಯ ಕಿವಿಗೆ ಬಾಯಿ ತಂದ.

"ಪುಡಿ ಇನ್ನ ಅದ ಏನು?"