ಬಿಡಿ ಅಂದ ಮಾತು

ತರಕಾರಿ ಸಗಟು ಮಾರುಕಟ್ಟೆಯಲ್ಲಿ ಅಕ್ಕನಿಗೆ ನಗಾರಿ ಎಂದೇ ಹೆಸರು. ಹರಾಜು ಕೂಗಲು ಅವಳು ಖಾಲಿ ಪೆಟ್ಟಿಗೆ ಹತ್ತಿ ನಿಂತರೆ ಆ ತುದಿಯ ಈರುಳ್ಳಿಯವನೂ ಕಿವಿ ನಿಮಿರಿಸಬೇಕು. ಮನೆಯಲ್ಲೂ ಅಷ್ಟೇ. ಊಟದ ನಡುವೆ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಹಾಗಿತ್ತು ಗಂಟಲು. ಅಂಥವಳ ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ಬೆಳೆದು, ತೆಗೆಯದೆ ವಿಧಿಯಿಲ್ಲ ಎಂದಾದಾಗ ಅವಳು ತಂಗಿಯನ್ನು ಕೇಳಿದ್ದು ಒಂದೇ: "ದನಿ ಉಳಿಯುತ್ತೇನೇ?"

ತಂಗಿಯನ್ನು ಕೇಳುವುದರಲ್ಲಿ ಅರ್ಥವಿತ್ತು. ಇಂಥ ಆಪರೇಷನ್ ನಡೆಯುವಾಗ ದನಿಯ ನರವನ್ನು ಯಂತ್ರ ಹಿಡಿದು ಕಾಯುವುದೇ ಅವಳ ಕೆಲಸ. ಕಲಿತದ್ದು ಸಂಶೋಧನಾಲಯದಲ್ಲಿ, ಹಂದಿಗಳ ಮೇಲೆ. ಹಂದಿಯ ಗಂಟಲೂ ನಮ್ಮ ಗಂಟಲೂ ದಾಯಾದಿಗಳು, ಒಪ್ಪಿಕೊಳ್ಳಲು ನಮಗೆ ನಾಚಿಕೆ ಅಷ್ಟೇ ಎನ್ನುತ್ತಿದ್ದರು ಅಲ್ಲಿನ ಮೇಷ್ಟ್ರು. ಅರಿವಳಿಕೆ ಕೊಟ್ಟು ಮಲಗಿಸಿದ ಹಂದಿಯ ನರಕ್ಕೆ ಪಟ್ಟಿ ಸುತ್ತಿ ಅವರು ಮೆಲ್ಲಗೆ ಎಳೆಯುತ್ತಿದ್ದರು. ನರ ಗಟ್ಟಿಯಿರುವವರೆಗೆ ಯಂತ್ರ ಟಕ್ ಟಕ್ ಎನ್ನುತ್ತದೆ, ಪರದೆಯ ಮೇಲೆ ಅಲೆ ಏಳುತ್ತದೆ. ಅಲೆ ಕುಗ್ಗಿದ ಕೂಡಲೇ ಅವಳು "ಬಿಡಿ" ಎನ್ನಬೇಕು, ಮೇಷ್ಟ್ರು ಕೈ ಸಡಿಲಿಸಬೇಕು. ಬೇಗ ಬಿಟ್ಟರೆ ಅಲೆ ಮರಳುತ್ತದೆ, ತಡವಾದರೆ ಇಲ್ಲ. ಅಲೆ ಮರಳದ ಹಂದಿಗಳು ಎಚ್ಚೆತ್ತ ಮೇಲೆ ಮೇವಿಗಾಗಿ ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಅದನ್ನು ಕಂಡ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಪಾಪ, ಅವುಗಳ ದನಿ ಹೋಗಿಯೇ ಅವಳ ಕಣ್ಣು, ಕಿವಿ ಪಳಗಿದ್ದವು.

"ನೀನು ಒಳಗಿದ್ರೆ ಮಲಗ್ತೀನಿ, ಇಲ್ದಿದ್ರೆ ಗಡ್ಡೆ ಅಲ್ಲೇ ಇರ್ಲಿ," ಎಂದು ಅಕ್ಕ ಹಟ ಹಿಡಿದಳು. ಸ್ವಂತದವರು ಬೇಡ ಎಂದು ಆಸ್ಪತ್ರೆಯವರು ಹೇಳಿ ನೋಡಿದರು. ನಗಾರಿಯ ಮುಂದೆ ಪೀಪಿಯ ದನಿ ಯಾರಿಗೆ ಕೇಳೀತು?

ಕತ್ತರಿ ಹಿಡಿದವರು ಮೇಷ್ಟ್ರಲ್ಲ, ಬೇರೆ ವೈದ್ಯರು. ಕೈ ಒಳ್ಳೆಯದು, ಆದರೆ ಹಂದಿಯ ಕೋಣೆ ಕಂಡವರಲ್ಲ. ಮೊದಲು ಒಮ್ಮೆ ಯಂತ್ರ ಸುಮ್ಮನಾದಾಗ ಅವರು ಗಾಬರಿಯಿಂದ ತಿರುಗಿದರು. ನೋಡಿದರೆ ನರದ ಮಿಡಿತವನ್ನು ಯಂತ್ರಕ್ಕೆ ಮುಟ್ಟಿಸಲು ಅಕ್ಕನ ಗಂಟಲೊಳಗೆ ಇಳಿಸಿದ್ದ ಟ್ಯೂಬ್ ಜರುಗಿತ್ತು. ಸರಿಪಡಿಸಿದ್ದೇ ತಡ, ಮತ್ತೆ ಟಕ್ ಟಕ್.

"ಏನಿಲ್ಲ ಸಾರ್, ಟ್ಯೂಬ್ ಜರುಗಿತ್ತು, ಬಿಡಿ," ಎಂದಳು ತಂಗಿ. ಅವರು ನಿರಾಳವಾಗಿ ಕೆಲಸ ಮುಂದುವರಿಸಿದರು.

ಗಡ್ಡೆಯನ್ನು ಮೇಲಕ್ಕೆತ್ತಿ ಎಳೆಯುತ್ತಿದ್ದಾಗ ಅಲೆ ಕುಗ್ಗಿತು. ಈ ಸಲ ಟ್ಯೂಬ್ ಅಲ್ಲ, ನರವೇ ಎಂದು ಅವಳಿಗೆ ತಿಳಿದುಹೋಯಿತು. ವರ್ಷಗಳ ಅಭ್ಯಾಸದಂತೆ ಅಂದಳು: "ಬಿಡಿ."

ವೈದ್ಯರು ತಲೆಯಾಡಿಸಿದರು. ಹೋಗಲಿ ಬಿಡಿ ಎಂದು ಕೇಳಿಸಿಕೊಂಡು ಎಳೆಯುತ್ತಲೇ ಇದ್ದರು. ಕೈ ಸಡಿಲಿಸಿದರೆಂದು ನಂಬಿ ಅವಳು ಅಲೆಯ ದಾರಿ ಕಾಯುತ್ತ ಪರದೆಗೆ ಕಣ್ಣು ನೆಟ್ಟಳು. ಕಡೆಗೆ ತಲೆಯೆತ್ತಿ ನೋಡಿದರೆ ಅವರ ಕೈ ಇನ್ನೂ ಗಡ್ಡೆಯನ್ನು ಎಳೆಯುತ್ತಲೇ ಇತ್ತು.

"ಕೈ ಬಿಡಿ ಸಾರ್, ಎಳೀಬೇಡಿ!"

ಬಿಟ್ಟರು. ಎಷ್ಟು ಕಾದರೂ ಅಲೆ ಬರಲಿಲ್ಲ.

ಯಾರನ್ನು ಬೈಯುವುದು? ವೈದ್ಯರು ಕೇಳಿಸಿಕೊಂಡದ್ದು ಎಲ್ಲರೂ ಆಡುವ ಮಾತನ್ನೇ. ಬೈಯಲು ತಂಗಿಗೆ ತಾನೊಬ್ಬಳೇ ಸಿಕ್ಕಿದ್ದು, ರಾತ್ರಿ ಹಗಲು ಅದನ್ನೇ ಮಾಡಿದಳು. ತಿಂಗಳುಗಳು ಕಳೆದರೂ ಅಕ್ಕನ ಗಂಟಲಿನಿಂದ ಉಸಿರು ಬೆರೆತ ಪಿಸುದನಿಯಷ್ಟೇ ಹೊರಟಿತು. ಪೆಟ್ಟಿಗೆಯ ಮೇಲೆ ಈಗ ಬೇರೊಬ್ಬಳು ಕೂಗುತ್ತಾಳೆ. ಅಕ್ಕ ಕೆಳಗೆ ಕೂತು ಕೊಳೆತ ಟೊಮೆಟೊ ಆರಿಸುತ್ತಾಳೆ. ಗಡ್ಡೆಯೇ ದನಿ ನುಂಗಿತು ಎಂದು ಅವಳು ನಂಬಿದ್ದಳು.

ಒಂದು ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ ತಂಗಿಗೆ ತಡೆಯಲಾಗಲಿಲ್ಲ. ಹಂದಿಯ ಕೋಣೆಯಿಂದ ಹಿಡಿದು ಆ ಒಂದು ಮಾತಿನವರೆಗೆ ಎಲ್ಲವನ್ನೂ ಹೇಳಿ, ತಲೆ ಬಗ್ಗಿಸಿ ಕೂತಳು. ಹಳೆಯ ಅಕ್ಕನಾಗಿದ್ದರೆ ಬೀದಿ ನಡುಗುವಂತೆ ಬೈಯುತ್ತಿದ್ದಳು. ಆ ಬೈಗುಳಕ್ಕಾಗಿ ತಂಗಿಯ ಜೀವ ಹಾತೊರೆಯಿತು.

ಅಕ್ಕ ಬಾಯಿ ತೆರೆದಳು. ಬರೀ ಗಾಳಿ ಬಂತು. ಉಸಿರು ಕೂಡಿಸಿಕೊಂಡು, ತಂಗಿಯ ಮೊಣಕೈ ಹಿಡಿದು, ಮತ್ತೊಮ್ಮೆ ತೆರೆದಳು.

"ಹೋಗ್ಲಿ ಬಿಡು," ಎಂದಳು.