ಒಳಗಿನ ಕಂಪ್ಯೂಟರು

ಚಳ್ಳಕೆರೆಯಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಇಫ್ತಿಕಾರನ ಅಂಗಡಿಯೇ ಗತಿ. ಕೈಗುಣ ಹಾಗಿತ್ತು, ಜಂಬವೂ ಅಷ್ಟೇ ಇತ್ತು ಅನ್ನಿ. ತಾನು ಮಾರುವ ಹಳೇ ಲ್ಯಾಪ್‌ಟಾಪಿಗೆಲ್ಲ ಅವನದೊಂದು ಉಪಾಯ. ಕಂಪ್ಯೂಟರಿನೊಳಗೇ ಇನ್ನೊಂದು ಸುಳ್ಳು ಕಂಪ್ಯೂಟರು ಕಟ್ಟಿ, ವಿಂಡೋಸನ್ನು ಅದರೊಳಗೆ ಕೂರಿಸುತ್ತಿದ್ದ. ವೈರಸ್ ಬಂದು ಕೆಟ್ಟಿತೋ, ಒಳಗಿನದನ್ನು ಅಳಿಸಿ ಮೊದಲೇ ತೆಗೆದಿಟ್ಟ ನಕಲು ಪ್ರತಿ ಹಾಕಿದರೆ ಐದೇ ನಿಮಿಷ, ಹೊಸದು! ಗಿರಾಕಿಗೆ ಇದನ್ನೆಲ್ಲ ಹೇಳುವ ಗೋಜಿಗೆ ಮಾತ್ರ ಹೋಗುತ್ತಿರಲಿಲ್ಲ.

ದೊಡ್ಡಉಳ್ಳಾರ್ತಿಯ ದುರುಗಕ್ಕನ ಮಗಳು ಮಾಲಾ ಕೊಂಡದ್ದೂ ಅಂಥದ್ದೇ. ನರ್ಸಿಂಗ್ ಕಾಲೇಜೊಂದರ ಉಚಿತ ಸೀಟಿಗೆ ಮನೆಯಿಂದಲೇ ಪರೀಕ್ಷೆ ಬರೆಯಬೇಕಿತ್ತು. ಕೂಲಿಯ ಮನೆ, ಈ ಸೀಟು ಬಿಟ್ಟರೆ ಓದಿಗೆ ಬೇರೆ ದಾರಿ ಇರಲಿಲ್ಲ. ವಾರ ಮೊದಲೇ ಫೋನ್ ಮಾಡಿದ್ದಳು.

“ಅಣ್ಣಾ, ಮಾದರಿ ಪರೀಕ್ಷೆ ತೆಗೆದ್ರೆ ಕೆಂಪಗೆ ಏನೋ ಇಂಗ್ಲಿಷಲ್ಲಿ ಬರ್ತೈತೆ. ತಂದು ತೋರಿಸ್ಲಾ?”

ಇಫ್ತಿಕಾರನ ಎದುರಿಗೆ ಬಿಸಿ ಬಿರಿಯಾನಿ. “ಅದು ಹಂಗೇ ತೋರಿಸ್ತೈತೆ. ಓಕೆ ಒತ್ತಿ ಮುಂದಕ್ಕೋಗು. ನಾನೇ ನೋಡಿ ಕೊಟ್ಟಿರೋದು, ತಲೆ ಕೆಡಿಸ್ಕೋಬ್ಯಾಡ,” ಎಂದು ಫೋನಿಟ್ಟ.

ಪರೀಕ್ಷೆಯ ದಿನ ಹನ್ನೊಂದನೇ ನಿಮಿಷಕ್ಕೆ ಪರದೆ ಮುಚ್ಚಿಕೊಂಡಿತು. ನಾಲ್ಕು ದಿನ ಬಿಟ್ಟು ಮಾಲಾ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ತೆರೆದು ನೋಡಿದವನಿಗೆ ಎಲ್ಲ ಹೊಳೆಯಿತು. ಪರೀಕ್ಷೆಯ ಸಾಫ್ಟ್‌ವೇರು ಕಂಪ್ಯೂಟರಿನ ಜಾತಕವನ್ನೇ ಕೇಳುತ್ತದೆ. ತಯಾರಿಸಿದವರು ಯಾರು, ಡಿಸ್ಕಿನ ಹೆಸರೇನು, ನೆಟ್‌ವರ್ಕಿನ ವಿಳಾಸ ಯಾವ ಅಂಕಿಯಿಂದ ಶುರು? ಮೂರಕ್ಕೂ ಆ ಸುಳ್ಳು ಕಂಪ್ಯೂಟರು ತನ್ನ ಗುಟ್ಟನ್ನೇ ಒದರಿತ್ತು. ಹೊರಗಿನದರಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಒಳಗಿನದರಲ್ಲಿ ಉತ್ತರ ಬರೆಯುವ ಕಳ್ಳರಿಗೆಂದು ಒಡ್ಡಿದ ಬಲೆ ಅದು. ಏನೂ ಅರಿಯದ ಹುಡುಗಿ ಅದರಲ್ಲಿ ಬಿದ್ದಿದ್ದಳು. ಅಯ್ಯೋ, ಅವತ್ತು ಬಿರಿಯಾನಿ ಆರಿದ್ದರೆ ಯಾವ ಗಂಟು ಹೋಗುತ್ತಿತ್ತು! ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ತಪ್ಪು ನಂದು ತಂಗೀ, ನಿಂದಲ್ಲ. ಈಗ್ಲೇ ಕಾಗದ ಬರ್ಕೊಡ್ತೀನಿ, ಅಂಗಡಿ ಸೀಲ್ ಹಾಕಿ.”

ಮಾಲಾ ತಲೆ ತಗ್ಗಿಸಿದಳು. “ಕಾಲೇಜಿನೋರು ಕಾರಣ ಕೇಳಿ ಅವತ್ತೇ ಮೇಲ್ ಕಳ್ಸಿದ್ರು ಅಣ್ಣಾ. ಎರಡೇ ದಿನ ಟೈಮು. ಉತ್ತರ ಬರ್ದು ಕಳ್ಸಿಬಿಟ್ಟೆ. ಸೀಟಿಲ್ಲ, ಇನ್ನು ಅರ್ಜಿನೂ ಹಾಕಂಗಿಲ್ಲ ಅಂತ ನಿನ್ನೆ ಬಂತು.”

“ಏನಂತ ಬರ್ದಿದ್ದೆ?”

ಅವಳು ಮೊಬೈಲ್ ಚಾಚಿದಳು. ಇಫ್ತಿಕಾರ್ ಓದಿದ.

‘ಲ್ಯಾಪ್‌ಟಾಪ್ ಸರಿಯಾಗಿದೆ. ಅಂಗಡಿಯ ಅಣ್ಣ ಖುದ್ದಾಗಿ ನೋಡಿ ಕೊಟ್ಟಿದ್ದಾರೆ. ತಪ್ಪು ನನ್ನದೇ, ಕ್ಷಮಿಸಿ.’